ಒತ್ತಿದ ಪುಟದಲ್ಲಿ ಅಡಗಿದ ಚಾತ್ತು

ಕುನ್ನಂಕುಳಂ ಪೇಟೆಯ ಹಿಂದಿನ ಓಣಿಗೆ ಇನ್ನೂ ಸರಿಯಾಗಿ ಬೆಳಕು ಬಂದಿಲ್ಲ. ಇಗರ್ಜಿಯ ಮೊದಲ ಗಂಟೆ ಈಗಷ್ಟೇ ಹೊಡೆದಿದೆ. ನೈಟಿಯ ಮೇಲೊಂದು ತೋರ್ತು ಟವೆಲು ಹೊದ್ದ ಕೊಚ್ಚುತ್ರೇಸ್ಯ, ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ಸಿನ ಚಕ್ರಕ್ಕೆ ಎರಡೂ ಕೈ ಕೊಟ್ಟು ನಿಧಾನವಾಗಿ ಸಡಿಲಿಸುತ್ತಿದ್ದಾರೆ. ಹಲಗೆಗಳ ನಡುವಿನಿಂದ ಹೊರಬರುವುದು ಒಂದೇ ಒಂದು ದಪ್ಪ ಹಾಳೆ. ಅದನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ತೋರುಬೆರಳನ್ನು ಎಡದಿಂದ ಬಲಕ್ಕೆ ಸರಿಸುತ್ತಾರೆ.

“ಇದೆ... ಇಲ್ಲ... ಹಾಂ, ಇದೆ,” ಎಂದು ತಮಗೇ ಹೇಳಿಕೊಳ್ಳುತ್ತಾರೆ. ಆಮೇಲೆ ಕಣ್ಣು ಬಿಟ್ಟು ನನ್ನತ್ತ ತಿರುಗಿ, “ಸುಧೀರನ್ ಮಾಷ್‌ಗೆ ಹೇಳಿಬಿಟ್ಟೀರಿ ಮತ್ತೆ! ಹೇಳಿದ್ರೆ ನಿಮ್ಮ ಬರೆಯೋ ಕೈನೂ ಇದರೊಳಗಿಟ್ಟು ತಿರುಗಿಸಿಬಿಡ್ತೀನಿ” ಎಂದು ನಗುತ್ತಾರೆ. ನಗುವಿನಲ್ಲಿ ಅರ್ಧ ಹೆದರಿಕೆಯಿದೆ.

ಹೆದರಲು ಕಾರಣವಿದೆ. ಆ ಹಾಳೆ ಬ್ರೈಲ್ ಪುಸ್ತಕದ್ದು, ಕಣ್ಣು ಕಾಣದ ಮಕ್ಕಳು ಬೆರಳಿನಿಂದ ಓದುವಂಥದ್ದು. ಅದರ ಉಬ್ಬು ಚುಕ್ಕೆಗಳನ್ನು ಒಂದೊಂದಾಗಿ ಮೂಡಿಸಿದವರು ಇಲ್ಲಿನ ಅಂಧ ಮಕ್ಕಳ ಶಾಲೆಯ ಮೇಷ್ಟ್ರು ಸುಧೀರನ್. ಅವರಿಗೂ ಹುಟ್ಟಿನಿಂದ ದೃಷ್ಟಿಯಿಲ್ಲ. ಅವರ ಹಾಳೆಯನ್ನು ಇನ್ನೆಂದೂ ಪ್ರೆಸ್ಸಿಗೆ ಇಡುವುದಿಲ್ಲವೆಂದು ಕೊಚ್ಚುತ್ರೇಸ್ಯ ಮಾತೆ ಮರಿಯಳ ಮೇಲೆ ಆಣೆಯಿಟ್ಟಿದ್ದರು. ಆ ಆಣೆ ಈಗ ಮುರಿದಿದೆ. ಇವತ್ತು ಪುಸ್ತಕ ಶಾಲೆಗೆ ಹೋಗಬೇಕು. ಮಾಷ್ ಸಿಟ್ಟಾದರೆ ಮಕ್ಕಳ ಪುಸ್ತಕ ಮತ್ತೆ ಈ ಮನೆಯ ಹೊಸಿಲು ತುಳಿಯುವುದಿಲ್ಲ.

ಕೊಚ್ಚುತ್ರೇಸ್ಯ ಮದುವೆಯಾಗಿ ಬಂದದ್ದೇ ಬೈಂಡರುಗಳ ಮನೆಗೆ. ನೋಟ್‌ಬುಕ್ಕು, ಪ್ರಾರ್ಥನೆಯ ಪುಸ್ತಕ, ಸೊಸೈಟಿಯ ದಪ್ಪ ರಿಜಿಸ್ಟರು, ಎಲ್ಲಕ್ಕೂ ಇವರದೇ ಹೊಲಿಗೆ. ಕೆಲಸ ಬಿಗಿಯಿರುವ ತಿಂಗಳಲ್ಲಿ ದಿನಕ್ಕೆ ನೂರು ನೋಟ್‌ಬುಕ್ಕು ಸಲೀಸಾಗಿ ಮುಗಿಸುತ್ತಾರೆ. ಬೆನ್ನು ನೋವಿಗೆ ಧನ್ವಂತರಂ ಎಣ್ಣೆ, ಕೈ ಬಿರುಕಿಗೆ ತೆಂಗಿನೆಣ್ಣೆ, ಮನಸ್ಸಿಗೆ ಹಾಲಿಲ್ಲದ ಕಟ್ಟನ್ ಚಾಯ. ಇಷ್ಟು ವರ್ಷ ಹೊಲಿದ ಪುಸ್ತಕಗಳಲ್ಲಿ ಓದಿದ್ದೆಷ್ಟು ಎಂದು ಕೇಳಿದೆ. “ಓದ್ತಾ ಕೂತ್ರೆ ಅಂಟು ಒಣಗಿಹೋಗುತ್ತಲ್ಲಾ ಮೋನೇ!” ಎಂದರು, ಮಗನನ್ನು ಕರೆಯುವ ಸಲಿಗೆಯಲ್ಲಿ.

ನಾಲ್ಕು ವರ್ಷದ ಹಿಂದೆ ಸುಧೀರನ್ ಮಾಷ್ ಒಂದು ಕಟ್ಟು ಹಾಳೆ ತಂದುಕೊಟ್ಟು ಹೊಲಿಯಲು ಹೇಳಿದರು. ಅದರಲ್ಲಿದ್ದದ್ದು ನಮ್ಮೂರ ಮಕ್ಕಳೆಲ್ಲ ಕೇಳಿಯೇ ಬೆಳೆದ ಹಾಳೆಟೊಪ್ಪಿಯ ಕಥೆ. ಪೋರ ಚಾತ್ತುವಿನ ಅಜ್ಜಿಯ ಹಿತ್ತಾಳೆ ಕುಟ್ಟಾಣಿಯನ್ನು ಮಲೆಯ ಭೂತ ಕದ್ದೊಯ್ಯುತ್ತದೆ. ಅಡಿಕೆ ಹಾಳೆಯ ಮಾಯದ ಟೊಪ್ಪಿ ಹಾಕಿಕೊಂಡು ಯಾರಿಗೂ ಕಾಣದಂತಾಗುವ ಚಾತ್ತು, ಭೂತದ ಅಡುಗೆಮನೆಯ ಉಣ್ಣಿಯಪ್ಪವನ್ನೆಲ್ಲ ತಿಂದು ಕುಟ್ಟಾಣಿ ಹೊತ್ತು ತರುತ್ತಾನೆ. ಇಡೀ ಕಥೆಯನ್ನು ಚುಕ್ಕೆಯಾಗಿಸಲು ಮಾಷ್‌ಗೆ ಒಂದು ಮಳೆಗಾಲವೇ ಬೇಕಾಯಿತು.

ಕೊಚ್ಚುತ್ರೇಸ್ಯ ಅದನ್ನು ಚೆನ್ನಾಗಿ ಹೊಲಿದರು. ಮಾಷ್ ಮೆಚ್ಚಲಿ ಎಂದು ಪ್ರೆಸ್ಸಿಗಿಟ್ಟು ಇನ್ನೂ ಚೆನ್ನಾಗಿ ಬಿಗಿದರು. ಬೈಂಡರಿಗೆ ಪುಸ್ತಕ ಎಷ್ಟು ಒತ್ತಿದರೆ ಅಷ್ಟು ಮರ್ಯಾದೆ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ತೆಗೆದು ನೋಡಿದರೆ ಪುಸ್ತಕ ಹಲಗೆಯಷ್ಟು ನುಣುಪು, ಒಂದು ಚುಕ್ಕೆಯೂ ಉಳಿದಿಲ್ಲ!

“ಮಾಷ್ ಬೆರಳಿಟ್ರು. ಮೊದಲನೇ ಪುಟ, ಎರಡನೇ ಪುಟ, ಮೂರನೇ ಪುಟ. ಬೈದಿದ್ರೆ ಸಮಾಧಾನ ಆಗ್ತಿತ್ತು. ‘ಹೋಗ್ಲಿ ಬಿಡಿ ಚೇಚಿ’ ಅಂತ ಅಕ್ಕನಿಗೆ ಹೇಳೋ ಹಾಗೆ ಅಂದುಬಿಟ್ರು. ಇವತ್ತಿಗೂ ಆ ಮಾತು ನೆನೆಸಿಕೊಂಡ್ರೆ ಅನ್ನ ಇಳಿಯಲ್ಲ,” ಎನ್ನುತ್ತಾರೆ. ಗಂಡ ದೇವಸ್ಸಿ ಒಳಗಿನಿಂದಲೇ ಒಗ್ಗರಣೆ ಹಾಕುತ್ತಾರೆ: “ಅನ್ನ ಇಳಿಯದಿದ್ರೇನು, ಮೀನು ಇಳಿಯುತ್ತಲ್ಲ!”

ಕಥೆಗಾಗಿ ಕಾಯುತ್ತಿದ್ದ ಮಕ್ಕಳಿಗೆ ಏನು ಹೇಳುವುದು? ಕೆಡಿಸಿದವರೇ ಹೋಗಿ ಬಾಯಲ್ಲಿ ಹೇಳಿದರು. ಚಾತ್ತು ಟೊಪ್ಪಿ ಹಾಕಿಕೊಂಡ, ಯಾರಿಗೂ ಕಾಣದಂತಾದ ಎಂದು ಸ್ವರ ಏರಿಸಿದಾಗ, ಕಣ್ಣಿದ್ದ ಮಕ್ಕಳಾಗಿದ್ದರೆ ಬಾಯಿ ಬಿಡುತ್ತಿದ್ದವು. ಇಲ್ಲಿ ಮುಂದಿನ ಸಾಲಿನಿಂದ ಒಂದು ಹುಡುಗಿ, ಸಫ್ನ, ಅಜ್ಜಿಯನ್ನು ಕರೆಯುವಂತೆ ಕರೆದು ಕೇಳಿದಳು: “ಅದರಲ್ಲೇನಿದೆ ಅಮ್ಮೂಮ್ಮಾ? ನಮಗೂ ಯಾರೂ ಕಾಣಲ್ಲ. ಉಣ್ಣಿಯಪ್ಪ ತಿಂದ ಬಾಯಿ ವಾಸನೆ ಬರಲ್ವಾ? ಕಾಲು ಸಪ್ಪಳ ಕೇಳಲ್ವಾ? ನಿಮ್ಮ ಭೂತಕ್ಕೆ ನೆಗಡಿನಾ?” ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು.

ತ್ರಿಶೂರಿನ ಪುಸ್ತಕದಂಗಡಿಗಳಲ್ಲಿ ಈ ಕಥೆಯ ಹೊಸ ಅವತಾರಗಳು ಬೇಕಾದಷ್ಟಿವೆ. ಒಂದರಲ್ಲಿ ಚಾತ್ತುವಿನ ಕೈಗೆ ಮೊಬೈಲು ಬಂದಿದೆ, ಇನ್ನೊಂದರಲ್ಲಿ ಟೊಪ್ಪಿ ಬೇರೆ ಗ್ರಹದಿಂದ ಇಳಿದಿದೆ. ಹಳೆಯ ಮಗುವಿಗೆ ಹೊಸ ಅಂಗಿ ತೊಡಿಸಿ ಫೋಟೊ ತೆಗೆಸಿದ ಹಾಗೆ. ಓದುವವರನ್ನು ಕೇಳಿ ಕಥೆ ತಿದ್ದಿದವರನ್ನು ನಾನು ಕಂಡದ್ದು ಈ ಓಣಿಯಲ್ಲಿ ಮಾತ್ರ, ಅದಕ್ಕೇ ನನಗೆ ಈಕೆಯ ಮೇಲೆ ಅಷ್ಟು ಪ್ರೀತಿ.

ಕೊಚ್ಚುತ್ರೇಸ್ಯ ಪ್ರತಿ ಶನಿವಾರ ಶಾಲೆಗೆ ಹೋಗಿ ಹೇಳುತ್ತಾರೆ, ಮಕ್ಕಳು ತಗಾದೆ ತೆಗೆಯುತ್ತಾರೆ, ಕಥೆ ಬದಲಾಗುತ್ತದೆ. ಹೊಸ ಟೊಪ್ಪಿ ವಾಸನೆಯನ್ನೂ ಸಪ್ಪಳವನ್ನೂ ನುಂಗುತ್ತದೆ, ಮುಟ್ಟಿದರೂ ತಿಳಿಯುವುದಿಲ್ಲ. ಚಾತ್ತು ಭೂತವನ್ನು ಗೆದ್ದು ಮನೆಗೆ ಬರುತ್ತಾನೆ, ಆದರೆ ಟೊಪ್ಪಿ ತಲೆಗೆ ಅಂಟಿಕೊಂಡಿದೆ. ಅಜ್ಜಿಯ ಎದುರು ನಿಂತು ಕೂಗಿದರೂ ಅವಳಿಗೆ ಕೇಳದು. ಅಜ್ಜಿಯೋ, ದಿನಾ ಸಂಜೆ ಕುಟ್ಟಾಣಿ ಕುಟ್ಟುತ್ತಾ, ಮೊಮ್ಮಗನ ತಲೆ ಇರಬೇಕಾದ ಎತ್ತರದಲ್ಲಿ ಗಾಳಿಯನ್ನೇ ನೇವರಿಸುತ್ತಾಳೆ. ಒಂದು ದಿನ ಆ ಕೈಯಡಿಗೆ ಅವನು ತಲೆಯೊಡ್ಡುತ್ತಾನೆ, ಟೊಪ್ಪಿ ಕಳಚಿ ಬೀಳುತ್ತದೆ.

ಮಾಷ್ ಈ ಕಥೆಯನ್ನು ಮತ್ತೆ ಚುಕ್ಕೆಯಾಗಿಸಿದರು. ಕೊಚ್ಚುತ್ರೇಸ್ಯ ಪುಟಪುಟಕ್ಕೆ ಮುಟ್ಟಿ ನೋಡುವ ಚಿತ್ರ ಅಂಟಿಸಿದರು. ಟೊಪ್ಪಿಗೆ ನಿಜವಾದ ಅಡಿಕೆ ಹಾಳೆ, ಭೂತದ ಗಡ್ಡಕ್ಕೆ ತೆಂಗಿನ ನಾರು, ಅಜ್ಜಿಯ ಅಂಗೈಗೆ ತಮ್ಮ ಅಮ್ಮನ ಹಳೆಯ ಹತ್ತಿ ಮುಂಡಿನ ಮೆತ್ತನೆ ತುಂಡು. ಹುಳ ಬಾರದಂತೆ ಬೈಂಡರುಗಳು ಅಂಟಿಗೆ ಬೆರೆಸುವ ಮೈಲುತುತ್ತವನ್ನು ಇದಕ್ಕೆ ಹಾಕಿಲ್ಲ. “ಮಕ್ಕಳು ಮೂಸಿ ನೋಡ್ತಾವೆ, ಒಂದೆರಡು ನೆಕ್ಕಿಯೂ ನೋಡ್ತಾವೆ. ಜಿರಲೆ ತಿಂದ್ರೆ ತಿನ್ಲಿ, ಇನ್ನೊಂದು ಮಾಡಿದ್ರಾಯ್ತು.”

ಉಳಿದದ್ದು ಒಂದೇ ಪುಟ. ಟೊಪ್ಪಿ ಹಾಕಿದ ಚಾತ್ತು ಅಜ್ಜಿಯ ಎದುರು ನಿಂತು ಕೂಗುವ ಪುಟ. ಮಾಷ್ ಬಿಸಾಡಿದ ಹಾಳೆಗಳ ಮೇಲೆ ತಿಂಗಳುಗಟ್ಟಲೆ ಕೈ ಪಳಗಿಸಿಕೊಂಡು, ಅದನ್ನೇ ಕೊಚ್ಚುತ್ರೇಸ್ಯ ಇವತ್ತು ನಸುಕಿನಲ್ಲಿ ಪ್ರೆಸ್ಸಿಗಿಟ್ಟದ್ದು. ಚುಕ್ಕೆ ಪೂರ್ತಿ ಸಾಯಬಾರದು, ಬದುಕಲೂಬಾರದು.

ಬಸ್ಸಿನಲ್ಲಿ, ಆ ಹಾಳೆಯನ್ನೂ ಸೇರಿಸಿ ಹೊಲಿದ ಪುಸ್ತಕ ಸೀರೆಯುಟ್ಟ ಅವರ ಮಡಿಲಲ್ಲಿದೆ. ಪಕ್ಕದವರ ಚೀಲ ತಾಗಿದರೂ “ಸ್ವಲ್ಪ ಆ ಕಡೆ, ಸ್ವಲ್ಪ ಆ ಕಡೆ” ಎನ್ನುತ್ತಾರೆ. ದಾರಿಯುದ್ದಕ್ಕೂ ಜಪಮಾಲೆ ಹಿಡಿದಿದ್ದಾರೆ.

ಶಾಲೆಯ ವರಾಂಡದಲ್ಲಿ ಮಕ್ಕಳು ಆಗಲೇ ಒತ್ತೊತ್ತಾಗಿ ಕೂತಿದ್ದಾರೆ. “ಮೊದಲು ಸಫ್ನ ಓದಲಿ, ತಗಾದೆ ಅವಳದೇ ತಾನೆ,” ಎನ್ನುತ್ತಾರೆ ಮಾಷ್. ಸಫ್ನ ಈಗ ಎತ್ತರವಾಗಿದ್ದಾಳೆ, ಬಾಯಿ ಮಾತ್ರ ಅಂದಿನದೇ. ಗಟ್ಟಿಯಾಗಿ ಓದುತ್ತಾಳೆ, ಭೂತದ ಗಡ್ಡ ಎಳೆಯುತ್ತಾಳೆ, ಟೊಪ್ಪಿ ಮೂಸುತ್ತಾಳೆ. ಪುಟ ತಿರುವಿದವಳು ಥಟ್ಟನೆ ನಿಲ್ಲುತ್ತಾಳೆ.

“ಯಾಕೆ ನಿಲ್ಲಿಸಿದೆ?”

“ಮಾಷೇ, ಇಲ್ಲಿ ಅಕ್ಷರ ಇಲ್ಲ.”

ಮಾಷ್ ಮುಖ ಕೆಂಪೇರುತ್ತದೆ. “ತ್ರೇಸ್ಯಚ್ಚೇಚೀ! ಮತ್ತೆ ಒತ್ತಿದ್ರಾ? ಆಣೆ ಹಾಕಿ ಮತ್ತೆ ಒತ್ತಿದ್ರಾ?”

ಕೊಚ್ಚುತ್ರೇಸ್ಯ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಕೈಯಲ್ಲಿ ಸೆರಗಿನ ತುದಿ ಮುದ್ದೆಯಾಗುತ್ತಿದೆ. ನನಗೆ ಅಲ್ಲಿಂದ ಎದ್ದು ಹೋಗೋಣ ಅನ್ನಿಸುತ್ತದೆ.

“ತಡೀರಿ ಮಾಷೇ,” ಸಫ್ನಳ ಬೆರಳು ಹಿಂದಕ್ಕೆ ಬರುತ್ತದೆ. ಈ ಸಲ ಬಹಳ ಮೆಲ್ಲಗೆ. “ಇಲ್ಲಿ ಯಾರೋ ಇದ್ದಾರೆ.”

ಮಕ್ಕಳು ಮೊಣಕಾಲೂರಿ ಮುಂದಕ್ಕೆ ಸರಿಯುತ್ತಾರೆ.

“ಚಾತ್ತು! ಚಾತ್ತು ಇದ್ದಾನೆ. ‘ಅಮ್ಮೂಮ್ಮಾ, ನಾನು ಇಲ್ಲೇ ಇದ್ದೀನಿ’ ಅಂತಿದ್ದಾನೆ. ಅವನ ಸ್ವರ ಬರ್ತಾ ಇಲ್ಲ ಮಾಷೇ!” ಅವಳ ಸ್ವರವೂ ಒಡೆಯುತ್ತದೆ. ಅವಸರದಿಂದ ಪುಟ ತಿರುವುತ್ತಾಳೆ. ಅಲ್ಲಿ ಅಜ್ಜಿಯ ಮೆತ್ತನೆ ಅಂಗೈ ಸಿಗುತ್ತದೆ. ತನ್ನ ಕೈಯನ್ನು ಅದರ ಮೇಲೆ ಇಟ್ಟವಳು ತೆಗೆಯುವುದೇ ಇಲ್ಲ. ಹಿಂದಿನವರು “ನನಗೆ, ನನಗೆ” ಎಂದು ಮುಗಿಬೀಳುತ್ತಾರೆ.

ಎಲ್ಲರ ಸರದಿ ಮುಗಿದ ಮೇಲೆ ಮಾಷ್ ಪುಸ್ತಕ ತೆಗೆದುಕೊಂಡು ಒತ್ತಿದ ಪುಟದ ಮೇಲೆ ಬೆರಳಿಡುತ್ತಾರೆ. ಮತ್ತೆ ಮತ್ತೆ ಇಡುತ್ತಾರೆ. “ಅವತ್ತು ನೀವು ಕೆಡಿಸಿದ್ದು ಒಳ್ಳೇದೇ ಆಯ್ತು ಚೇಚಿ,” ಎನ್ನುತ್ತಾರೆ ಕೊನೆಗೆ. ಕೊಚ್ಚುತ್ರೇಸ್ಯ ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಾರೆ. ಅಂದು ಇಳಿಯದ ಅನ್ನ ಇಂದು ಇಳಿದಿರಬೇಕು.

ಇನ್ನಷ್ಟು ಪ್ರತಿ ಮಾಡುವ ಮಾತಾಗುತ್ತದೆ. ಈ ಸಲ ರಟ್ಟಿನ ಮೇಲೆ ನಿಮ್ಮ ಹೆಸರನ್ನೂ ಚುಚ್ಚುತ್ತೇನೆ ಎನ್ನುತ್ತಾರೆ ಮಾಷ್. ಬೈಂಡರ ಹೆಸರು ಪುಸ್ತಕದ ಮೇಲೆ ಇರುವುದುಂಟೇ ಎಂದು ಕೊಚ್ಚುತ್ರೇಸ್ಯ ನಾಚಿ ಬೇಡವೆನ್ನುತ್ತಾರೆ. ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದವರು ಏನೋ ನೆನಪಾದಂತೆ ಹಿಂದಿರುಗಿ ಬರುತ್ತಾರೆ.

“ಹಾಕೋದೇ ಆದ್ರೆ ಮಾಷೇ, ಆ ಪುಟದಲ್ಲೇ ಹಾಕಿ, ಚಾತ್ತು ಪಕ್ಕದಲ್ಲಿ. ನಾನೇ ಒತ್ತುತೀನಿ.”