ನೀರು ಬಿದ್ದಿದೆ, ಮೇಡಂ

ರಾಯದುರ್ಗದ ಗುಡ್ಡದ ಬುಡದ ಓಣಿಯಲ್ಲಿ ಅನ್ನದಾನಮ್ಮನ ಹಿಟ್ಟಿನ ಗಿರಣಿ ಇದೆ. ಬಾಗಿಲ ಎಡಕ್ಕೆ, ತೂಕದ ತಕ್ಕಡಿಯ ಪಕ್ಕದಲ್ಲಿ, ಹದಿನೈದು ಕಿಲೋ ಎಣ್ಣೆಯ ಖಾಲಿ ಡಬ್ಬ. ಬೀಸಿಸಲು ಬಂದವರು ತಮ್ಮ ಚೀಲದಿಂದ ಒಂದು ಹಿಡಿ ಜೋಳವನ್ನೋ ರಾಗಿಯನ್ನೋ ಅದಕ್ಕೆ ಹಾಕಿ ಮುಂದೆ ಹೋಗಬೇಕು. ಡಬ್ಬದ ಮೇಲೆ ಒಂದು ಫೋಟೊ ಅಂಟಿಸಿದೆ: ನಾಲ್ಕು ವರ್ಷದ ಹುಡುಗಿ, ಕೈಪಂಪಿನ ಮುಂದೆ, ಕೈಯಲ್ಲಿ ನೀಲಿ ಲೋಟ. ಹೆಸರು ತಮಾಂದಾ. ಊರು ಆಫ್ರಿಕಾದ ಮಲಾವಿ ದೇಶದ ಒಂದು ಹಳ್ಳಿ.

ಈ ಹಿಡಿಕಾಳಿನ ಬಳಗದಲ್ಲಿ ಇರುವವರು ಇಪ್ಪತ್ತೆರಡು ಜನ. ಡಬ್ಬ ತುಂಬಿದಾಗ ಕಾಳು ರೊಟ್ಟಿ ಖಾನಾವಳಿಗೆ ಹೋಗುತ್ತದೆ. ಬಂದ ದುಡ್ಡನ್ನು, ಹೊರದೇಶಕ್ಕೆ ಕಳಿಸಲು ಅನುಮತಿ ಇರುವ ಬೆಂಗಳೂರಿನ ಒಂದು ಸಂಸ್ಥೆಗೆ ಮುಟ್ಟಿಸುತ್ತಾರೆ. ಅಲ್ಲಿಂದ ಅದು ಮಲಾವಿಗೆ.

ಮಲಾವಿಯೇ ಯಾಕೆಂದರೆ, ಅನ್ನದಾನಮ್ಮನ ತಮ್ಮ ಕಲ್ಲೇಶ. ಇಬ್ಬರೂ ಮಡಕಶಿರಾ ಕಡೆಯ ಅಗಳಿಯವರು. ಅಕ್ಕ ಮದುವೆಯಾಗಿ ರಾಯದುರ್ಗಕ್ಕೆ ಬಂದಳು. ತಮ್ಮ ಬೋರ್‌ವೆಲ್ ಗಾಡಿಯ ಕೆಲಸ ಹಿಡಿದು ಮಲಾವಿಗೆ ಹೋದ. ಒಂಬತ್ತು ವರ್ಷ ಅಲ್ಲಿ ಬೋರು ಕೊರೆದು, ಅವರ ಭಾಷೆ ಕಲಿತು, ಎದೆಯೊಳಗೆ ಕಲ್ಲಿನ ಧೂಳು ತುಂಬಿಕೊಂಡು ವಾಪಸ್ ಬಂದ. ಮದುವೆಯಾಗಿರಲಿಲ್ಲ, ಅಕ್ಕನ ಮನೆಯಲ್ಲೇ ಉಳಿದ. ತಮಾಂದಾಳ ಊರಿನ ಬೋರು ಅವನೇ ಕೊರೆದದ್ದು. ಅದು ಕೆಟ್ಟಿದೆ ಎಂದು ಅಲ್ಲಿನ ಶಾಲೆಯ ಟೀಚರು ಎಸ್ನಾತ್ ತಿಳಿಸಿದ ದಿನ ಅವನು ಊಟ ಮಾಡಲಿಲ್ಲ. ಡಬ್ಬ ಬಂದದ್ದು ಅದರ ಮಾರನೆಯ ದಿನ.

"ನಮ್ಮ ನಳಕ್ಕ ನಾಕು ದಿನಕ್ಕೊಮ್ಮೆ ನೀರು ಬರ್ತಾವ. ನೀ ಆಫ್ರಿಕಾಕ್ಕ ನೀರು ಕುಡಸಾಕ ಹೊಂಟೀಯಲ್ಲವಾ!" ಎಂದು ಎದುರುಮನೆಯ ಉಚ್ಚಂಗಮ್ಮ ಪ್ರತಿ ಸಲ ಹೇಳುತ್ತಿದ್ದಳು. ಹೇಳುತ್ತಲೇ ಹಿಡಿ ಹಾಕುತ್ತಿದ್ದಳು.

"ಒಂದು ಹಿಡಿಗೆ ನಿಮ್ಮ ರೊಟ್ಟಿ ಸಣ್ಣದಾಗಂಗಿಲ್ಲ, ಹಾಕ್ರಿ."

"ರೊಟ್ಟಿ ಸಣ್ಣದಾಗಂಗಿಲ್ಲ, ನಿನ್ನ ಹಿಡಿ ದೊಡ್ಡದಾಗಾಕ ಹತ್ತೈತಿ!"

ಹದಿನಾಲ್ಕು ತಿಂಗಳಾದ ಮೇಲೆ ಬೋರನ್ನು ಫ್ಲಷಿಂಗ್ ಮಾಡಿಸುವಷ್ಟು ಕೂಡಿತು. ಎಂದರೆ ದೊಡ್ಡ ಕಂಪ್ರೆಸರ್ ತಂದು ಗಾಳಿ ಊದಿ, ಕೆಳಗೆ ಕಟ್ಟಿಕೊಂಡ ಕೆಸರನ್ನೆಲ್ಲ ಹೊರಹಾಕುವುದು. ನಮ್ಮ ಕಡೆ ಯಾರ ಬೋರಿಗೆ ಫ್ಲಷಿಂಗ್ ಮಾಡಿಸಿದರೂ ಓಣಿಯವರೆಲ್ಲ ಸುತ್ತ ನಿಂತು ಒಂದೇ ಮಾತಿಗೆ ಕಾಯುತ್ತಾರೆ. ಕನ್ನಡದವರು "ನೀರು ಬಿತ್ತು" ಎನ್ನುತ್ತಾರೆ, ತೆಲುಗಿನವರು "ನೀಳ್ಳು ಪಡ್ಡಾಯಿ" ಎನ್ನುತ್ತಾರೆ. ಎರಡರಲ್ಲೂ ಬೀಳುವುದೆಂದರೆ ಸಿಗುವುದೇ. ಅನ್ನದಾನಮ್ಮ ಹಾಗೆ ಕಾಯುತ್ತಿದ್ದಾಗಲೇ ಕಲ್ಲೇಶನಿಗೆ ಉಸಿರು ಕಟ್ಟಿತು. ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿ, ಮೂಗಿಗೆ ಆಮ್ಲಜನಕದ ಮುಸುಕು ಹಾಕಿದರು. ಮೂರನೆಯ ದಿನ ಆಸ್ಪತ್ರೆಯ ವರಾಂಡದಲ್ಲಿ ಅವಳ ಫೋನು ಗುಣುಗುಟ್ಟಿತು. ಎಸ್ನಾತ್ ಬರೆಯುವುದು ಇಂಗ್ಲಿಷಿನಲ್ಲಿ. ಅದನ್ನು ಫೋನೇ ಕನ್ನಡ ಮಾಡಿ ತೋರಿಸುತ್ತದೆ.

"ನೀರು ಬಿದ್ದಿದೆ, ಮೇಡಂ. ದಯವಿಟ್ಟು ಕಲ್ಲೇಶ್ ಅವರಿಗೆ ತಿಳಿಸಿ."

ಅವಳು ಒಳಗೆ ಓಡಿ ತಮ್ಮನ ಕಿವಿಯಲ್ಲಿ ಹೇಳಿದಳು, "ಕಲ್ಲೇಶ, ನೀರು ಬಿತ್ತು ಕಣೋ. ನಿನ್ನ ಬೋರಿಗೆ ನೀರು ಬಿತ್ತು." ಅವನು ಮುಸುಕಿನೊಳಗೇ ನಕ್ಕು ಹೆಬ್ಬೆರಳು ಎತ್ತಿದ.

ಮರುದಿನ ಗಿರಣಿಯ ಮುಂದೆ ಹೋಳಿಗೆ. ಬೇಳೆ ಬೇಯಿಸಿದವಳು ಉಚ್ಚಂಗಮ್ಮ. ಇಪ್ಪತ್ತೆರಡು ಜನ ಸಾಲಾಗಿ ನಿಂತು, ಎಲ್ಲರ ಕೈಯಲ್ಲೂ ಹೋಳಿಗೆ, ಎಲ್ಲರ ಬಾಯಲ್ಲೂ ನಗು. ಆ ಫೋಟೊವನ್ನು ಅನ್ನದಾನಮ್ಮ ಎಸ್ನಾತಳಿಗೆ ಕಳಿಸಿದಳು. ಕೆಳಗೆ ಬರೆದಳು: "ನಮಗೆ ಬಹಳ ಸಂತೋಷ." ಅದನ್ನು ಫೋನು ಇಂಗ್ಲಿಷ್ ಮಾಡಿತು, ಈ ಸಲ ಒಂದಕ್ಷರವೂ ತಪ್ಪದೆ.

ಉತ್ತರ ಬರಲಿಲ್ಲ. ನೀರು ಬಂದ ಸಂಭ್ರಮದಲ್ಲಿ ಮರೆತಿರಬೇಕು ಎಂದುಕೊಂಡು ಅವಳು ಡಬ್ಬವನ್ನು ತೊಳೆದು ಬೋರಲು ಹಾಕಿದಳು.

ಕಲ್ಲೇಶ ಮನೆಗೆ ಬಂದದ್ದು ಹತ್ತೊಂಬತ್ತನೆಯ ದಿನ. ಬಂದವನೇ, "ಎಸ್ನಾತ್ ಏನಂದ್ಲು, ತೋರ್ಸಕ್ಕ," ಎಂದ. ಫೋನು ತೆಗೆದುಕೊಂಡು ಕನ್ನಡವನ್ನು ಬೆರಳಿನಿಂದ ಒತ್ತಿದ. ಅಡಿಯಲ್ಲಿದ್ದ ಇಂಗ್ಲಿಷ್ ಮೇಲೆ ಬಂತು. ಅದನ್ನೇ ನೋಡುತ್ತ ಕುಳಿತ. ಅಕ್ಕ ಕಾಫಿ ತಂದಿಟ್ಟರೂ ತಲೆ ಎತ್ತಲಿಲ್ಲ.

"ಅಕ್ಕ," ಎಂದ ಕೊನೆಗೆ. "ಇದು ಆ ಬೀಳೋದಲ್ಲ ಕಣಕ್ಕ."

"ಹಂಗಂದ್ರೆ?"

"ನೀರು ಕೆಳಕ್ಕೆ ಹೋಗೈತೆ ಅಂತ ಬರ್ದವ್ಳೆ. ಮಟ್ಟ ಬಿದ್ದೈತೆ ಅಂತ. ಪಂಪಿಗೆ ಎಟುಕ್ತಾ ಇಲ್ಲ ಅಂತ ಅರ್ಥ."

ಅವಳು ಗೋಡೆಯ ಕ್ಯಾಲೆಂಡರಿನಲ್ಲಿ, ಆ ಸುದ್ದಿ ಬಂದಂದಿನಿಂದ ದಿನ ಎಣಿಸಿದಳು. ಹದಿನಾರು. ಆಮೇಲೆ ಹೋಳಿಗೆಯ ಫೋಟೊ ನೆನಪಾಗಿ, ಎಸ್ನಾತಳಿಗೆ ಕರೆ ಮಾಡು ಎಂದಳು.

ಮೂರನೆಯ ಸಲ ಕರೆ ಮಾಡಿದಾಗ ಎಸ್ನಾತ್ ಫೋನು ಎತ್ತಿದಳು. ಕಲ್ಲೇಶ ಅವರ ಭಾಷೆಯಲ್ಲಿ ಕೇಳುವುದು, ಆ ಕಡೆಯಿಂದ ನಿಧಾನವಾದ ಒಂದು ದನಿ. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆಯಬಹುದಿತ್ತು ಎಂದು ಅನ್ನದಾನಮ್ಮನಿಗೆ ಅನ್ನಿಸಿತು.

"ಏನಂತಾಳೋ?"

"ಕೆರೆ ನೀರೇ ಕುಡೀತಾ ಅವ್ರಂತೆ. ವಾಂತಿ, ಭೇದಿ. ಹನ್ನೊಂದು ಮಕ್ಳು ಮಲಗವೆ." ಕೆಮ್ಮು ಬಂತು. ಅದು ನಿಲ್ಲುವವರೆಗೆ ಇಬ್ಬರೂ ಕಾದರು. "ಹೋದ ಮಂಗಳವಾರ ಒಂದು ಮಗೂನ ಮಣ್ಣು ಮಾಡವ್ರೆ. ತಮಾಂದಾ."

ಬೋರಲು ಹಾಕಿದ್ದ ಡಬ್ಬದ ಮೇಲೆ ಆ ಫೋಟೊ ತಲೆಕೆಳಗಾಗಿತ್ತು. ಅನ್ನದಾನಮ್ಮ ಎದ್ದು ಹೋಗಿ ಡಬ್ಬವನ್ನು ಸರಿಯಾಗಿ ಇಟ್ಟಳು.

"ಇನ್ನೊಂದು ಕೇಳ್ತಾಳೆ," ಎಂದ ಕಲ್ಲೇಶ, ಅಕ್ಕನ ಮುಖ ನೋಡದೆ. "ನಿಮ್ಮೂರಲ್ಲಿ ನೀರು ಬತ್ತಿದ್ರೆ ಸಿಹಿ ತಿಂತಾರಾ ಅಂತ."

"ಹೇಳೋ. ನಮ್ಮ ಮಾತಲ್ಲಿ ಬೀಳೋದು ಅಂದ್ರೆ ಏನು ಅಂತ ಹೇಳೋ ಅವ್ಳಿಗೆ."

ಅವನು ಹೇಳಿದ. ಬಹಳ ಹೊತ್ತು ಹೇಳಿದ. ಆ ಕಡೆಯಿಂದ ಒಂದೇ ಒಂದು ಶಬ್ದ ಬಂತು. ಹೂಂ ಎಂಬಂಥದ್ದು.

ಎದೆಗಿಂತ ಮೊದಲು ಕಲ್ಲೇಶನ ತಲೆ ಚೇತರಿಸಿಕೊಂಡಿತು. ಕಾಗದ ತೆಗೆದು ಒಂದು ಗೆರೆ ಎಳೆದ. ಬೋರಿನ ಆಳ ನೂರ ಎಪ್ಪತ್ತಡಿ. ಪಂಪಿನ ಪೈಪು ಹತ್ತಡಿಯವು ಹತ್ತು, ಎಂದರೆ ನೂರಡಿ. ಫ್ಲಷಿಂಗಿನವರು ಅಳೆದಾಗ ನೀರಿದ್ದದ್ದು ನೂರ ಹನ್ನೆರಡರಲ್ಲಿ. "ನೀರು ಸತ್ತಿಲ್ಲಕ್ಕ. ಹನ್ನೆರಡು ಅಡಿ ಕೆಳಗೈತೆ, ಅಷ್ಟೆ. ಇನ್ನು ಮೂರು ಪೈಪು, ಅದಕ್ಕೆ ತಕ್ಕ ಸರಳು ಸೇರಿಸಿದ್ರೆ ಎಟುಕ್ತದೆ. ಅರ್ಧ ದಿನದ ಕೆಲ್ಸ." ಹೇಳಿದ ಮೇಲೆ ತನ್ನ ಮಾತು ತಾನೇ ಕೇಳಿಸಿಕೊಂಡವನಂತೆ ಪೆನ್ನು ಕೆಳಗಿಟ್ಟ. ಹದಿನಾರು ದಿನದ ಹಿಂದೆಯೂ ಅದು ಅರ್ಧ ದಿನದ ಕೆಲಸವೇ ಆಗಿತ್ತು.

ಬೆಂಗಳೂರಿನ ಸಂಸ್ಥೆಯಲ್ಲಿ ಮಾತಾಡಿದವರು ಸೌಜನ್ಯದವರೇ. ಹೊಸ ಅರ್ಜಿ, ಸಮಿತಿಯ ಸಭೆ, ಕಡಿಮೆಯೆಂದರೆ ಆರು ವಾರ ಎಂದರು. "ಹನ್ನೊಂದು ಮಕ್ಕಳು ಸರ್," ಎಂದಳು ಅನ್ನದಾನಮ್ಮ.

ಆ ಸಂಜೆ ಅವಳು ಗಿರಣಿ ಚಾಲೂ ಮಾಡಲಿಲ್ಲ. ಕಲ್ಲೇಶ ಮಂಚದ ಮೇಲೆ ಕಣ್ಣು ಮುಚ್ಚಿ, ತಾನು ಕೊರೆದ ಬೋರುಗಳನ್ನೆಲ್ಲ ಒಂದೊಂದಾಗಿ ನೆನೆಯುತ್ತಿದ್ದ. ಬೆಳಿಗ್ಗೆ ಏಳುತ್ತಲೇ, "ತಂಬಾಕು ಗೋದಾಮು!" ಎಂದ. ಆ ಹಳ್ಳಿಯಿಂದ ಮೂರು ಕಿಲೋಮೀಟರು ದೂರದಲ್ಲಿ ಮುಚ್ಚಿಹೋದ ಗೋದಾಮಿನ ಹಿಂದೆ ಅವನೇ ಕೊರೆದ ಇನ್ನೊಂದು ಬೋರು. ಅದು ಪೂರ್ತಿ ಬತ್ತಿ, ಬಿಟ್ಟುಬಿಟ್ಟದ್ದು. ಪೈಪು, ಸರಳು ಒಳಗೇ ಇದ್ದವು. ಅದೇ ಅಳತೆ, ಒಂದಕ್ಕೊಂದು ತಿರುಗಿಸಿ ಕೂಡಿಸುವ ತಿರುಪೂ ಅದೇ. ಕೂಡಲೇ ಎಸ್ನಾತಳಿಗೆ ಕರೆ ಮಾಡಿ ಹೇಳಿದ.

ಮಲಾವಿಯ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಇಲ್ಲಿ ಮಧ್ಯಾಹ್ನ ಹನ್ನೆರಡಾದಾಗ ಅಲ್ಲಿ ಎಂಟೂವರೆ. ಆ ಹೊತ್ತಿಗೆ ಊರಿನ ಗಂಡಸರು ಪೈಪು ಕಿತ್ತು ಹೆಗಲ ಮೇಲೆ ಹೊತ್ತು ತಂದಿದ್ದರು. ಕಲ್ಲೇಶ ಫೋನಿನಲ್ಲೇ ಕೂತು ಒಂದೊಂದು ಕೀಲನ್ನೂ ಕೂಡಿಸಿದ. ಎರಡು ವಾಕ್ಯಕ್ಕೊಮ್ಮೆ ಉಸಿರು ನಿಲ್ಲುತ್ತಿತ್ತು. ಅನ್ನದಾನಮ್ಮ ಅವನ ಬೆನ್ನು ನೀವುತ್ತ ಫೋನು ಹಿಡಿದಿದ್ದಳು. ಒಮ್ಮೆ ಒಂದು ಪೈಪು ಜಾರಿತು. ಆ ಕಡೆ ಕೂಗು. ಬೋರಿನ ಬಾಯಲ್ಲಿ ಪೈಪನ್ನು ಬಿಗಿಹಿಡಿಯುವ ಕ್ಲಾಂಪಿಗೆ ಸಿಕ್ಕಿಕೊಂಡಿತು, ಉಳಿಯಿತು.

"ಮಲಗೋ ಸ್ವಲ್ಪ."

"ಮಲಗಾಕೆ ಆಮೇಲೆ ಬೇಕಾದಷ್ಟು ಟೈಮ್ ಐತೆ, ಸುಮ್ಕಿರಕ್ಕ."

ಇಲ್ಲಿ ಮೂರು ಗಂಟೆಯಾದಾಗ ಅಲ್ಲಿ ಪಂಪಿನ ಹಿಡಿ ಒತ್ತಲು ಶುರು ಮಾಡಿದರು. ಖಾಲಿ ಪೈಪು ತುಂಬಿ ನೀರು ಮೇಲೆ ಬರಲು ಎಂಬತ್ತು ಸಲವಾದರೂ ಒತ್ತಬೇಕು, ಅದಕ್ಕೆ ಮೊದಲು ಯಾರೂ ಎದೆಗುಂದಬಾರದು ಎಂದು ಕಲ್ಲೇಶ ಹೇಳಿದ್ದ. ಫೋನಿನಲ್ಲಿ ಕಬ್ಬಿಣದ ಕಿರ್ರೆಂಬ ಸದ್ದು. ಅನ್ನದಾನಮ್ಮ ಬೆರಳು ಮಡಿಸಿ ಎಣಿಸಿದಳು. ಎಂಬತ್ತಾಯಿತು. ಎಂಬತ್ತೈದು. ತೊಂಬತ್ತು. ಕಲ್ಲೇಶನ ತುಟಿ ನೀಲಿಯಾಗಿತ್ತು. ತೊಂಬತ್ತಮೂರಕ್ಕೆ ಸದ್ದು ಬದಲಾಯಿತು. ಮೊದಲು ಕೆಮ್ಮಿದಂತೆ, ಆಮೇಲೆ ಬಕೆಟ್ಟಿನ ತಳಕ್ಕೆ ಬಡಿದಂತೆ.

ಆ ಕಡೆ ಯಾರೂ ಕೂಗಲಿಲ್ಲ. ಎಸ್ನಾತ್ ಏನೋ ಒಂದು ಮಾತು ಹೇಳಿ ಫೋನು ಇಟ್ಟಳು.

ಕಲ್ಲೇಶ ಗೋಡೆಗೊರಗಿ ಕಣ್ಣು ಮುಚ್ಚಿದ. ಅವನ ಉಸಿರು ಒಂದು ಹದಕ್ಕೆ ಬರಲೆಂದು ಕಾದು ಅವಳು ಕೇಳಿದಳು, "ಕೊನೆಗೆ ಏನಂದ್ಲೋ?"

"ಈ ಸಲ ಸಿಹಿ ಹಂಚಬ್ಯಾಡಿ ಅಂದ್ಲು."

ಮರುದಿನ ಬೆಳಿಗ್ಗೆ ಅವಳು ಬಳಗದವರನ್ನೆಲ್ಲ ಗಿರಣಿಯ ಮುಂದೆ ಕರೆದು, ನಡೆದದ್ದನ್ನು ಇದ್ದಂತೆಯೇ ಹೇಳಿದಳು. ಇಬ್ಬರು ನಂಬಲಿಲ್ಲ. "ತಿಂದ ಹೋಳಿಗಿ ಈಗ ಕಕ್ಕಬೇಕೇನ್ರಿ?" ಎಂದ ಒಬ್ಬ. ನಗಲಿಕ್ಕೆ ಹೋದವರು ಅವಳ ಮುಖ ನೋಡಿ ನಿಲ್ಲಿಸಿದರು. ಒಬ್ಬೊಬ್ಬರಾಗಿ ಹೊರಟರು.

ಉಚ್ಚಂಗಮ್ಮ ಉಳಿದಳು. ಸೆರಗಿನಲ್ಲಿದ್ದ ಜೋಳದ ಹಿಡಿಯನ್ನು ಡಬ್ಬದ ಮೇಲೆ ಹಿಡಿದಳು, ಹಾಕಲಿಲ್ಲ.

"ಅನ್ನದಾನಿ, ಈ ಫೋಟೊ ತೆಗದುಬಿಡವಾ. ನೋಡಾಕ ಆಗವಲ್ದು."

"ಇರಲಿ ಬಿಡ್ರಿ," ಎಂದಳು ಅನ್ನದಾನಮ್ಮ.

ಉಚ್ಚಂಗಮ್ಮ ಮುಖ ಆ ಕಡೆ ತಿರುಗಿಸಿಕೊಂಡು ಹಿಡಿ ಬಿಚ್ಚಿದಳು. ಖಾಲಿ ಡಬ್ಬದ ತಳಕ್ಕೆ ಕಾಳು ಬಿದ್ದ ಸದ್ದು ಕೇಳಿ, ಒಳಗೆ ಮಲಗಿದ್ದ ಕಲ್ಲೇಶ ಏನದು ಎಂದು ಕೇಳಿದ. ಅನ್ನದಾನಮ್ಮನಿಗೆ "ಬಿತ್ತು" ಎನ್ನಲು ನಾಲಿಗೆ ಏಳಲಿಲ್ಲ.

"ಜೋಳ," ಎಂದಳು.