ಭಾವ ಹಗುರ ಬಂದೂಕು ಒಯ್ದದ್ದು

ನಮ್ಮ ಭಾವ ಜುಮಾಕದಿರ್ ಮೂವತ್ತು ವರ್ಷ ಹೊತ್ತದ್ದು ಒಂದೇ ಬಂದೂಕು. ಅವರ ಅಪ್ಪನದು. ದುರ್ಬೀನು, ಊರಿ ನಿಲ್ಲಿಸುವ ಕವೆಗೋಲು ಎಲ್ಲ ಸೇರಿ ಐದೂವರೆ ಕಿಲೋ. ನಮ್ಮ ಬೆಟ್ಟದೂರು ಅತ್-ಬಾಶಿಯಲ್ಲಿ ಅವರನ್ನು ಮಹಾ ಬೇಟೆಗಾರ ಎಂದು ಯಾರೂ ಹಾಡಿಹೊಗಳಲಿಲ್ಲ. ಪರವಾನಗಿ ಸಿಕ್ಕಷ್ಟು ಹೊಡೆದು, ಉಳಿದ ದಿನ ಕುರಿ ಕಾಯ್ದು, ಸಂಜೆ ನಮ್ಮ ಅಕ್ಕ ಬುರುಲ್ಚಾಳಿಂದ ಬೈಸಿಕೊಂಡು ಚಹಾ ಕುಡಿಯುವ ಸಾಧಾರಣ ಮನುಷ್ಯ. ಜಂಬ ಅಂತ ಇದ್ದದ್ದು ಒಂದೇ: ಬಂದೂಕನ್ನು ಇನ್ನೊಬ್ಬರ ಹೆಗಲಿಗೆ ಕೊಡುತ್ತಿರಲಿಲ್ಲ. ನಾನು ಕುದುರೆ ನೋಡಿಕೊಳ್ಳಲು ಜೊತೆಗೆ ಹೋಗುವವನು. ನನ್ನ ಗುರಿಗೆ ಬಂಡೆಗಳು ಮಾತ್ರ ಹೆದರುತ್ತವೆ ಎನ್ನುವುದು ಊರಿಗೇ ಗೊತ್ತು.

ಆ ನವೆಂಬರಿಗೆ ಅಕ್ಕ ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು. ಆಸ್ಪತ್ರೆಯವರು ಮನೆಗೆ ಕಳಿಸಿದ್ದರು. ಯಾಕೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ನಾವೂ ಕೇಳಲಿಲ್ಲ. ಏನು ಕೊಟ್ಟರೂ ಮುಖ ತಿರುಗಿಸುತ್ತಿದ್ದವಳು ಒಂದು ಬೆಳಿಗ್ಗೆ ತಾನಾಗಿಯೇ, ಕಾಡುಮೇಕೆ ಸಾರು ಕುಡಿಯಬೇಕು ಅನ್ನಿಸುತ್ತಿದೆ ಎಂದಳು. ಅದು ಬೆಟ್ಟದ ಮೇಲಿನ ನೂರೆಂಟು ಸೊಪ್ಪು ಮೇಯುತ್ತದೆ, ಅದರ ಸಾರೇ ಔಷಧಿ ಎಂದು ನಮ್ಮವರ ನಂಬಿಕೆ. ಭಾವನಿಗೆ ಆ ನಂಬಿಕೆ ಇತ್ತೋ ಇಲ್ಲವೋ ಕಾಣೆ. ಅವಳು ಬಾಯಿಬಿಟ್ಟು ಕೇಳಿದಳಲ್ಲ, ಅವರಿಗೆ ಅಷ್ಟು ಸಾಕಾಯಿತು.

ತೊಂದರೆ ಅಂದರೆ ಭಾವನಿಗೆ ಅರವತ್ತೊಂದು ತುಂಬಿತ್ತು, ಬಲಮೊಣಕಾಲು ಹಿಂದಿನ ಚಳಿಗಾಲದಲ್ಲೇ ಕೈಕೊಟ್ಟಿತ್ತು. ನಾನು ನನ್ನ ಮಗನ ಹೊಸ ಬಂದೂಕು ತಂದೆ. ಉಣ್ಣೆ ತೂಗುವ ತಕ್ಕಡಿಯ ಕೊಕ್ಕೆಗೆ ಎರಡನ್ನೂ ನೇತುಹಾಕಿ ನೋಡಿದೆವು. ಹೊಸದು ಮೂರು ಕಿಲೋ ಕೂಡ ಬರಲಿಲ್ಲ. ಭಾವ ಮಾತ್ರ ಹಳೆಯದನ್ನೇ ಎತ್ತಿಕೊಂಡರು. ಹಗುರದ್ದು ಎದೆಬಡಿತಕ್ಕೆಲ್ಲ ಕುಣಿಯುತ್ತದೆ, ಭಾರದ್ದು ಇಟ್ಟಲ್ಲಿ ಕೂರುತ್ತದೆ ಎಂದು ಅವರ ವಾದ. ಕೂರುವುದು ಸರಿ, ಮೇಲಕ್ಕೆ ಹೊರುವುದು ಯಾರು ಎಂದು ನನ್ನದು. ನಾನೇ ಹೊರುತ್ತೇನೆ ಎಂದರೆ ಕಿವಿಗೇ ಹಾಕಿಕೊಳ್ಳಲಿಲ್ಲ.

“ಅವನು ಹೇಳಿದ್ದು ಕೇಳ್ರೀ,” ಅಂದಳು ಅಕ್ಕ ಮಲಗಿದ್ದಲ್ಲಿಂದಲೇ. “ಆ ಕಬ್ಬಿಣ ಹೊತ್ಕೊಂಡು ಅರ್ಧ ದಾರೀಲೇ ಕೂತ್ಬಿಡ್ತೀರಿ. ಆಮೇಲೆ ಮೇಕೆಗಳೇ ಇಳ್ದು ಬಂದು ನಿಮ್ಮನ್ನ ಎಬ್ಬಿಸ್ಬೇಕು.”

ಬಹಳ ದಿನದ ಮೇಲೆ ಆ ಮನೆಯಲ್ಲಿ ನಕ್ಕೆವು. ಭಾವ ಹಗುರದ್ದನ್ನು ಹೆಗಲಿಗೇರಿಸಿದರು. ಮಾತು ಶುರು ಮಾಡಿದವನು ನಾನು, ಅದನ್ನು ಮುಚ್ಚಿಡುವುದಿಲ್ಲ.

ಕುದುರೆಯನ್ನು ಕೆಳಗೆ ಹುಲ್ಲಿರುವಲ್ಲಿ ಉದ್ದ ಹಗ್ಗಕ್ಕೆ ಕಟ್ಟಿ ಹತ್ತಿದೆವು. ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ಏಣು ಮುಟ್ಟಿದಾಗ, ನೋಡಿದಿರಾ ಎನ್ನುವ ಹಾಗೆ ನಾನು ಭಾವನ ಮುಖ ನೋಡಿದೆ. ಎದುರಿಗೆ ಇನ್ನೂರು ಹೆಜ್ಜೆಯಲ್ಲಿ ಏಳು ಮೇಕೆಗಳು ಮೇಯುತ್ತಿದ್ದವು. ಭಾವ ಮಲಗಿ, ಕೋಟು ಸುತ್ತಿ ಅದರ ಮೇಲೆ ಬಂದೂಕಿಟ್ಟರು. ಉಸಿರು ಹದಕ್ಕೆ ಬರಲೇ ಇಲ್ಲ. ಅವರ ಎದೆ ಏರಿದಂತೆ ನಳಿಗೆ ಏರುತ್ತಿತ್ತು, ಇಳಿದಂತೆ ಇಳಿಯುತ್ತಿತ್ತು. ಕೊನೆಗೆ ಉಸಿರು ಕಟ್ಟಿ ಹೊಡೆದರು. ಗುಂಡು ಕಲ್ಲಿಗೆ ಬಡಿಯಿತು, ಮೇಕೆಗಳು ಆಚೆ ಕಣಿವೆಗೆ ಹಾರಿದವು.

ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

“ಇದು ನಿಲ್ಲಲ್ಲ ಕಣೋ,” ಎಂದರು. “ನಾನೂ ನಿಲ್ಲಲ್ಲ.”

ಹಳೆಯದನ್ನು ತರಲು ಮನೆಗೆ ಹೋದರೆ ಇನ್ನೊಮ್ಮೆ ಹತ್ತುವ ಕಾಲು ಅವರಿಗಿರಲಿಲ್ಲ. ನಾನು ಹೋಗಿ ತರುತ್ತೇನೆಂದರೆ ಅದನ್ನು ನನ್ನ ಹೆಗಲಿಗೆ ಬಿಡುವವರೂ ಅಲ್ಲ. ಕುರುಬರ ಖಾಲಿ ಗುಡಿಸಲಿನಲ್ಲಿ ಉಳಿದೆವು. ಎರಡನೆಯ ದಿನವೆಲ್ಲ ಮಂಜು. ಮೂರನೆಯ ದಿನ ಬೆಳಿಗ್ಗೆ ಭಾವ ರೊಟ್ಟಿ ಕಟ್ಟಿ ತಂದಿದ್ದ ಚೀಲಕ್ಕೆ ಕಲ್ಲು ತುಂಬಿ ನಳಿಗೆಯ ಬುಡಕ್ಕೆ ಬಿಗಿದರು. ಭಾರ ಬೇಡವೆಂದು ತಂದ ಬಂದೂಕಿಗೆ ಬೆಟ್ಟದ ಮೇಲೆ ಭಾರ ಕಟ್ಟುವುದನ್ನು ನಾನು ಪಕ್ಕದಲ್ಲಿ ಕೂತು ನೋಡಿದೆ. ಒಂದೇ ಗುಂಡಿಗೆ ಎಳೆಯ ಮೇಕೆ ಬಿತ್ತು.

ಇಳಿಯುವಾಗ ಭಾವನಿಗೆ ಬೇರೆ ಚಿಂತೆ. ಬೇಟೆಯಿಂದ ಬರುವವನಿಗೆ ಎದುರಾದವರು ‘ಶಿರಾಲ್ಗಾ’ ಎಂದರೆ ಅವರಿಗೊಂದು ಪಾಲು ಕೊಡಲೇಬೇಕು. ಇಲ್ಲ ಎಂದವನನ್ನು ನಮ್ಮಲ್ಲಿ ಯಾರೂ ಮನುಷ್ಯ ಎನ್ನುವುದಿಲ್ಲ. ನೆರೆಮನೆಯ ಅಸನ್‌ಗಾಜಿ ಈ ವಿಷಯದಲ್ಲಿ ಹದ್ದು. ಅವನು ಸಿಕ್ಕರೆ ಮೇಕೆಯ ತೊಡೆಗೇ ಕೈ ಹಾಕುತ್ತಾನೆ ಎಂದು ಭಾವ ಗೊಣಗಿ, ಸಾರಿಗೆಂದು ಎದೆಮೂಳೆಯ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಕೋಟಿನೊಳಗೆ ಬಚ್ಚಿಟ್ಟರು. ಉಳಿದದ್ದನ್ನು ಯಾರು ಬೇಕಾದರೂ ಒಯ್ಯಲಿ ಎಂದರು. ದಾರಿಯುದ್ದಕ್ಕೂ ಸಾರಿಗೆ ಈರುಳ್ಳಿ ಹಾಕಬೇಕೋ ಬೇಡವೋ ಎಂದು ನನ್ನನ್ನು ಕೇಳುತ್ತಿದ್ದರು.

ಸೇತುವೆಯ ಹತ್ತಿರ ಮೂವರು ನಿಂತಿದ್ದರು. ಮುಂದೆ ಅಸನ್‌ಗಾಜಿ. ಅವನು ಕುದುರೆಯ ಮೇಲಿದ್ದ ಮೇಕೆಯನ್ನು ನೋಡಿದ, ಆಮೇಲೆ ನೆಲ ನೋಡಿದ. ಯಾರ ಬಾಯಿಂದಲೂ ‘ಶಿರಾಲ್ಗಾ’ ಬರಲಿಲ್ಲ.

ಭಾವ ನಿಂತುಬಿಟ್ಟರು. ನನಗೆ ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು.

“ನಿನ್ನೆ ಮಧ್ಯಾಹ್ನ, ಅಣ್ಣ,” ಅಂದ ಅಸನ್‌ಗಾಜಿ.

ಮೊದಲ ದಿನದ ಗುಂಡು ತಾಗಿದ್ದರೆ ಆ ಸಂಜೆಗೇ ಅಕ್ಕನ ಬಾಯಿಗೆ ಸಾರು ಬೀಳುತ್ತಿತ್ತು. ಈ ಲೆಕ್ಕ ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ಭಾವ ಅದನ್ನು ಒಂದು ದಿನವೂ ಎತ್ತಿ ಆಡಲಿಲ್ಲ. ಅವರು ಕೋಟಿನೊಳಗಿಂದ ಆ ಗಂಟು ತೆಗೆದು, ಎರಡೂ ಕೈಯಲ್ಲಿ ಹಿಡಿದು ಅಸನ್‌ಗಾಜಿಯ ಮುಂದೆ ಚಾಚಿದರು.

“ಪಾಲು ಕೇಳೋ,” ಎಂದರು. “ಯಾವಾಗ್ಲೂ ಕೇಳ್ತೀಯಲ್ಲ, ಈಗ್ಲೂ ಕೇಳು.”

ಅವನು ಕೇಳಲಿಲ್ಲ. ಭಾವ ಇನ್ನೊಬ್ಬನ ಕಡೆ ತಿರುಗಿದರು, ಆಮೇಲೆ ಮೂರನೆಯವನ ಕಡೆ. ಯಾರೂ ಕೇಳಲಿಲ್ಲ.