ಕನೆಕ್ಟರಿಗೆ ಉಗುರುಬಣ್ಣ

ಎಂಬತ್ತರ ದಶಕದ ಕೊನೆಗೆ ನಮ್ಮ ಹೊನ್ನಾವರದ ಟೆಲಿಫೋನ್ ಎಕ್ಸ್‌ಚೇಂಜಿಗೆ, ಮಾತನ್ನು ಬೆಳಕಾಗಿಸಿ ಒಯ್ಯುವ ಗಾಜಿನ ಎಳೆಗಳ ಕೇಬಲ್ ಬಂತು. ಎರಡು ಎಳೆಗಳ ತುದಿ ಕೂದಲಷ್ಟೂ ಆಚೀಚೆ ಆಗದಂತೆ ಹಿಡಿಯುವುದು ಕನೆಕ್ಟರಿನ ಕೆಲಸ. ಆದರೆ ತಂತ್ರಜ್ಞನಾಗಿದ್ದ ನಾನು ಅದನ್ನು ಬಿಚ್ಚಿ ಸೇರಿಸಿದಾಗಲೆಲ್ಲ ದಾಟುವ ಬೆಳಕಿನ ಅಳತೆ ಬದಲಾಗುತ್ತಿತ್ತು. ಮಧ್ಯಾಹ್ನ ಸಾಹೇಬರು ತಪಾಸಣೆಗೆ ಬರುವವರಿದ್ದರು.

ನೋಡುತ್ತಿದ್ದ ಆಪರೇಟರ್ ಸುಮಿತ್ರಕ್ಕ ಕೇಳಿದರು, “ಪ್ರತಿ ಸಲ ಅದು ಸ್ವಲ್ಪ ತಿರುಗ್ತದಲ್ಲ, ಎಂತಕ್ಕೆ?”

ನಾನದನ್ನು ಗಮನಿಸಿರಲೇ ಇಲ್ಲ. ನಿಧಾನ ತಿರುಗಿಸುತ್ತ ಅಳೆದೆ. ಒಂದು ಕಡೆಗೆ ತಿರುಗಿದಾಗ ಬೆಳಕು ಚೆನ್ನಾಗಿ ದಾಟಿತು. ಅಕ್ಕ ಚೀಲದಿಂದ ಉಗುರುಬಣ್ಣ ತೆಗೆದು ಅಲ್ಲೇ ಕೂಡುವ ಎರಡೂ ಬದಿಗೆ ಎದುರುಬದುರು ಚುಕ್ಕೆ ಇಟ್ಟರು.

“ಇನ್ನು ಚುಕ್ಕೆಗೆ ಚುಕ್ಕೆ ಸೇರಿಸು. ಆತು.”

ತಪಾಸಣೆ ಸುಸೂತ್ರವಾಯಿತು. ಮರುವಾರ ಕುಮಟೆಯ ಎಕ್ಸ್‌ಚೇಂಜಿನಲ್ಲಿ ಇಂಥದೇ ಕೆಲಸಕ್ಕೆಂದು ಅಂಗಡಿಯಲ್ಲಿ ಉಗುರುಬಣ್ಣ ಕೇಳಿದೆ.

“ಹೆಂಡತಿಗಾ?” ಎಂದ ಅಂಗಡಿಯವ.

“ಅಲ್ಲ, ನನಗೇ” ಎಂದೆ. ಅವನು ನನ್ನ ಉಗುರುಗಳನ್ನೇ ನೋಡುತ್ತ ಸೀಸೆ ಕೊಟ್ಟ.